ಅಂಬರೀನಾ ಲೋಟ ಕೊಳ್ಳುವ ಮುಂಚೆ ಅಂಚು ನೋಡಿ

ಬುಡದಲ್ಲಿ ಜೇನಿನ ಬಣ್ಣ, ಮೇಲೆ ಹೋಗ್ತಾ ಹೋಗ್ತಾ ಪುನರ್ಪುಳಿ ಪಾನಕದ ಕೆಂಪು. ಅಂಬರೀನಾ ಅನ್ನುವ ಗಾಜು ಅಂದರೆ ಇದು. ಅಮೆರಿಕದ ಹಳೇ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನ್ ಹರಾಜುಗಳಲ್ಲಿ ಈ ಹೆಸರಿನ ಲೋಟಗಳು ಬೇಕಾದಷ್ಟಿವೆ. ಅವೆಲ್ಲ ಈ ಗಾಜು ಮೊದಲು ಬಂದ 1880ರ ದಶಕದವು ಅಂತ ನಂಬಬೇಡಿ.

ಇದನ್ನು ಹೇಗೆ ಮಾಡುತ್ತಿದ್ದರು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಎರಡು ಬಣ್ಣದ ಗಾಜನ್ನು ಅಂಟಿಸಿದ್ದಲ್ಲ. ಮ್ಯಾಸಚೂಸೆಟ್ಸ್‌ನ ನ್ಯೂ ಇಂಗ್ಲೆಂಡ್ ಗ್ಲಾಸ್ ಕಂಪನಿಯ ಜೋಸೆಫ್ ಲಾಕ್ 1883ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅಂಬರ್, ಅಂದರೆ ಜೇನುಬಣ್ಣದ ಗಾಜಿನ ಪಾಕಕ್ಕೆ ಚೂರು ಚಿನ್ನ ಬೆರೆಸಿ, ಊದಿ, ಸ್ವಲ್ಪ ಆರಿದ ಮೇಲೆ ಬಾಯಿಯ ಕಡೆಯನ್ನಷ್ಟೇ ಮತ್ತೆ ಬೆಂಕಿಗೆ ಹಿಡಿದರೆ, ಅಲ್ಲಿ ಚಿನ್ನದ ಕಣಗಳು ಮೂಡಿ ಗಾಜು ಕೆಂಪಾಗುತ್ತದೆ. ಹಾಗಾಗಿ ಬಣ್ಣ ಗಾಜಿನ ಒಳಗೇ ಇರುತ್ತದೆ. ಎರಡು ಬಣ್ಣದ ನಡುವೆ ಗೆರೆ ಕಾಣುವುದಿಲ್ಲ.

ಇದು ಗೊತ್ತಿಲ್ಲದೆ ನಾನು ಒಮ್ಮೆ ಟೋಪಿ ಹಾಕಿಸಿಕೊಂಡೆ. ಮನೆಗೆ ತಂದು ತೊಳೆದರೆ ಅಂಚಿನ ಹತ್ತಿರ ಉಗುರಿಗೇ ಕೆಂಪು ಎದ್ದು ಬಂತು! ಮೇಲೆ ಬಳಿದ ಬಣ್ಣ. ಈಗ ಮೊದಲು ಅಂಚಿನ ದಪ್ಪವನ್ನೇ ಬೆಳಕಿಗೆ ಹಿಡಿದು ನೋಡುತ್ತೇನೆ. ಗಾಜಿನ ಮೈ ತಿಳಿಯಾಗಿದ್ದು ಹೊರಗಡೆ ಮಾತ್ರ ತೆಳ್ಳಗೆ ಕೆಂಪು ಪೊರೆ ಕಂಡರೆ ಅಲ್ಲೇ ಇಟ್ಟು ಬನ್ನಿ.

ಇನ್ನೊಂದು ಗೊಂದಲ ಇಪ್ಪತ್ತನೇ ಶತಮಾನದ ಗಾಜು. ಅದರಲ್ಲಿ ಹೆಚ್ಚಾಗಿ ಚಿನ್ನದ ಬದಲು ಸೆಲೆನಿಯಂ ಇರುತ್ತದೆ, ಕೆಂಪು ಕಿತ್ತಳೆ ಕಡೆ ವಾಲುತ್ತದೆ. ಹಳೆಯದರ ಕೆಂಪಿನಲ್ಲಿ ನೇರಳೆ ಛಾಯೆ ಇರುತ್ತದೆ. ಅಚ್ಚಿನಲ್ಲಿ ಒತ್ತಿ ಮಾಡಿದ್ದಾದರೆ ಮೈಮೇಲೆ ಜೋಡಣೆಯ ಗೆರೆಯೂ ಸಿಗುತ್ತದೆ, ಬೆರಳಾಡಿಸಿ. ಹೊಸದು ಅಂದಮಾತ್ರಕ್ಕೆ ಕೆಟ್ಟದ್ದೇನಲ್ಲ, ಹಳೆಯದರ ದುಡ್ಡು ಕೊಡಬೇಡಿ ಅಷ್ಟೇ.

ಆಮೇಲೆ ತಿರುಗಿಸಿ ತಳ ನೋಡಿ. ನೂರು ವರ್ಷ ಮೇಜಿನ ಮೇಲೆ ಕೂತಿದ್ದ ಲೋಟಕ್ಕೆ ಸಣ್ಣ ಸಣ್ಣ ಗೀರುಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆ. ಎಲ್ಲ ಒಂದೇ ದಿಕ್ಕಿಗಿದ್ದರೆ ಯಾರೋ ಉಪ್ಪುಕಾಗದ ಉಜ್ಜಿದ್ದಾರೆ. ಒಡೆದ ಅಂಚನ್ನು ಅರೆದು ಗಿಡ್ಡ ಮಾಡಿ ಮಾರುವವರೂ ಇದ್ದಾರೆ, ಅಂಚು ಚಪ್ಪಟೆಯಾಗಿ ಚೂಪಾಗಿದ್ದರೆ ಅನುಮಾನಪಡಿ, ಸೆಟ್ ಇದ್ದರೆ ಅಕ್ಕಪಕ್ಕ ಇಟ್ಟು ಎತ್ತರ ಅಳೆಯಿರಿ.

ಬರ್ಮೀಸ್ ಅನ್ನುವ ಗಾಜು ಅಂಬರೀನಾದ ತಂಗಿ ಇದ್ದ ಹಾಗೆ. ಮೌಂಟ್ ವಾಷಿಂಗ್ಟನ್ ಗಾಜಿನ ಕಂಪನಿಯ ಫ್ರೆಡರಿಕ್ ಶರ್ಲಿ 1885ರಲ್ಲಿ ಪೇಟೆಂಟ್ ಪಡೆದದ್ದು. ಕೆಳಗೆ ತಿಳಿ ಹಳದಿ, ಮೇಲೆ ಗುಲಾಬಿ. ಚಿನ್ನದ ಜೊತೆ ಯುರೇನಿಯಂ ಇರುವುದರಿಂದ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟರೆ ಹಸಿರಾಗಿ ಹೊಳೆಯುತ್ತದೆ. ಮಾರುವವರು ಇದನ್ನೇ ದೊಡ್ಡ ಸಾಕ್ಷಿ ಅನ್ನುತ್ತಾರೆ. ಆದರೆ ಫೆಂಟನ್ ಕಂಪನಿ 1970ರಿಂದ ಮಾಡಿದ ಬರ್ಮೀಸ್ ಕೂಡ ಹೊಳೆಯುತ್ತದೆ! ಟಾರ್ಚ್ ಯುರೇನಿಯಂ ಇದೆ ಅಂತ ಹೇಳುತ್ತದೆ, ವಯಸ್ಸು ಹೇಳಲ್ಲ.

ಮೊದಲ ಸಲ ಜಗ್ಗು, ಹೂದಾನಿಗೆ ಕೈ ಹಾಕಬೇಡಿ, ಒಂದು ಲೋಟ ಸಾಕು. ಒಳಗೆ ಹಾಲು ಕಟ್ಟಿದ ಹಾಗೆ ಮಬ್ಬಾಗಿದ್ದು ತೊಳೆದರೂ ಹೋಗದಿದ್ದರೆ ಗಾಜೇ ಸವೆದಿದೆ ಅಂತ ಅರ್ಥ, ಬೆಲೆ ಇಳಿಸಿ ಕೇಳಿ. ತೊಳೆಯುವಾಗ ಬೋಗುಣಿಯಲ್ಲಿ ಟವೆಲ್ ಹಾಸಿ, ಉಗುರು ಬೆಚ್ಚಗಿನ ನೀರು. ಡಿಶ್‌ವಾಷರ್ ಬೇಡವೇ ಬೇಡ. ಬಿಸಿ ಕಾಫಿ ಹಾಕಿ ಫೋಟೋ ತೆಗೆಯುವ ಆಸೆಯನ್ನೂ ಬಿಡಿ, ಬಿರುಕು ಬಿಟ್ಟೀತು.