ಹಳೆ ಗಾಡಿ, ಸ್ಪ್ರೇಯರ್ ಮತ್ತು ಇ20 ಪೆಟ್ರೋಲ್: ಕಾರಟಗಿ ಗ್ಯಾರೇಜಿನಿಂದ ನನ್ನ ಅನುಭವ

ಇ20, ಅಂದರೆ 20 ಪರ್ಸೆಂಟ್ ಎಥನಾಲ್ (ಒಂದು ಥರ ಆಲ್ಕೋಹಾಲ್) ಬೆರೆಸಿದ ಪೆಟ್ರೋಲ್, ಬಂದ ಮೇಲೆ ಹಳೆ ಗಾಡಿಗಳೆಲ್ಲ ಗುಜರಿಗೇ ಅಂತ ಹೇಳಿದವರು ನಮ್ಮ ಲೈನಿನಲ್ಲೇ ಜಾಸ್ತಿ. ರಬ್ಬರ್ ಭಾಗ ಬದಲಿಸಿದರೆ ಓಡುತ್ತವೆ ಅಂತ ನಾನು ಅಂದಿದ್ದಕ್ಕೆ ಗಂಗಾವತಿಯ ಒಬ್ಬ ಹಿರಿಯ ಮೆಕಾನಿಕ್ ಅಂತೂ, "ಏ ತಮ್ಮಾ, ರಬ್ಬರ್ ಮಾರಾಕ ಏನೇನ್ ಕಥಿ ಕಟ್ಟತೀಯೋ" ಅಂತ ಎಲ್ಲರೆದುರು ನಕ್ಕಿದ್ದರು. ಈಗ ಅವರ ಹುಡುಗರೇ ನನ್ನ ಹತ್ತಿರ ಪೈಪ್ ಒಯ್ಯುತ್ತಾರೆ. ಎರಡು ಬೆಳೆ ಭತ್ತ ದಾಟಿತು. ನಾನು ಪೂರ್ತಿ ಕೆಲಸ ಮಾಡಿ ಕೊಟ್ಟ ಪವರ್ ಸ್ಪ್ರೇಯರ್‌ಗಳಲ್ಲಿ ಸೀಜ್ ಆಗಿ (ಪಿಸ್ಟನ್ ಕಚ್ಚಿಕೊಂಡು ಇಂಜಿನ್ ನಿಂತು) ವಾಪಸ್ ಬಂದದ್ದು ಒಂದೂ ಇಲ್ಲ.

ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೋರೇಟರ್ ಬಿಚ್ಚುವುದು, ತೊಳೆಯುವುದು ಮೆಕಾನಿಕ್ ಗೆಳೆಯರಾದ ನಿಮಗೆ ಹೇಳಬೇಕಾಗಿಲ್ಲ. 2022ರ ಜೂನ್‌ನಲ್ಲಿ ಪೆಟ್ರೋಲಿನಲ್ಲಿ ಎಥನಾಲ್ 10 ಪರ್ಸೆಂಟ್ ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಶುರು ಮಾಡಿದರು. 2025ಕ್ಕೆ ಹೆಚ್ಚೂಕಮ್ಮಿ ಎಲ್ಲ ಬಂಕಿನಲ್ಲೂ ಅದೇ. 2023ರ ಏಪ್ರಿಲ್ ಆದಮೇಲಿನ ಗಾಡಿಗಳಿಗೆ ಕಂಪನಿಯವರೇ ಹೊಂದುವ ರಬ್ಬರ್ ಹಾಕಿ ಕೊಡುತ್ತಿದ್ದಾರೆ. ನನ್ನ ಗ್ಯಾರೇಜಿಗೆ ಬರುವುದು ಅವಲ್ಲ. ಸ್ಪ್ಲೆಂಡರ್, ಎಕ್ಸ್‌ಎಲ್ ಸೂಪರ್, ಆರ್‌ಎಕ್ಸ್ 100, ಆಮೇಲೆ ಭತ್ತಕ್ಕೆ ಔಷಧಿ ಹೊಡೆಯುವ ಬೆನ್ನಿನ ಸ್ಪ್ರೇಯರ್. ನುಚ್ಚಕ್ಕಿಯಿಂದಲೂ ಎಥನಾಲ್ ಮಾಡುತ್ತಾರಂತೆ. ನಮ್ಮ ರೈಸ್ ಮಿಲ್ಲಿನ ನುಚ್ಚೇ ತಿರುಗಿ ನಮ್ಮ ಟ್ಯಾಂಕಿಗೆ ಬಂತೋ ಏನೋ!

ಮೊದಲು ಸ್ಪ್ರೇಯರ್ ವಿಷಯ. ದುಡ್ಡು ಹೋಗಿದ್ದು ಅಲ್ಲೇ. ಪಿಸ್ಟನ್ ಗೀರಿಕೊಂಡು ಬಂದಾಗ ಎಲ್ಲರೂ ಹೇಳುವುದು ಒಂದೇ: ಪಿಸ್ಟನ್ ಸಲೀಸಾಗಿ ಜಾರಲು ಪೆಟ್ರೋಲಿಗೆ ಬೆರೆಸುವ ಆಯಿಲ್ (2ಟಿ) ಕಮ್ಮಿ ಹಾಕಿದ್ದಾನೆ. ರೈತ ಆಣೆ ಮಾಡಿ ಹೇಳುತ್ತಾನೆ, ಲೀಟರಿಗೆ 40 ಎಂ.ಎಲ್. ಹಾಕಿದ್ದೇನೆ ಅಂತ. ಇಬ್ಬರದೂ ನಿಜವೇ. ಅವನು ಮಿಕ್ಸ್ ಮಾಡಿದ ಪೆಟ್ರೋಲನ್ನು ಕೂಲ್‌ಡ್ರಿಂಕ್ ಬಾಟಲಿಯಲ್ಲಿ ತುಂಬಿ, ಮುಚ್ಚಳ ಸಡಿಲ ಬಿಟ್ಟು, ಗದ್ದೆ ಬದುವಿನ ಮೇಲೆ ಇಟ್ಟಿರುತ್ತಾನೆ. ಕಾಲುವೆ ನೀರಿನ ಪಸೆ, ರಾತ್ರಿ ಮಂಜು, ತೊಳೆದು ಒರೆಸದ ಕೊಳವೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಒಂದು ಮಿತಿ ದಾಟಿದ ಕೂಡಲೇ ನೀರು, ಎಥನಾಲ್ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನ ತೂತು ಇರುವುದು ತಳದಲ್ಲಿ. ಇಂಜಿನ್ ಮೊದಲು ಕುಡಿಯುವುದೇ ಆಯಿಲ್ ಇಲ್ಲದ ಆ ನೀರು!

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ಗಾಜಿನ ಲೋಟದಲ್ಲಿ ಪೆಟ್ರೋಲು, 2ಟಿ ಆಯಿಲ್ ಹಾಕಿ, ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪ ನೀರು ಬಿಟ್ಟು ಅಲ್ಲಾಡಿಸಿ ತೋರಿಸಿದೆ. ಮೇಲೆ ಆಯಿಲಿನ ಬಣ್ಣ, ಕೆಳಗೆ ತಿಳಿ ಪದರ. ಅದಾದ ಮೇಲೆ ರೈತರು ಗಟ್ಟಿ ಮುಚ್ಚಳದ ಕ್ಯಾನ್ ತಂದರು. ಮಿಕ್ಸ್ ಆವತ್ತಿಗೆ ಬೇಕಾದಷ್ಟೇ ಮಾಡಬೇಕು. ಕೆಲಸ ಮುಗಿದ ಮೇಲೆ ಟ್ಯಾಂಕು ಖಾಲಿ ಮಾಡಿ, ಇಂಜಿನ್ ತಾನಾಗಿ ಆರುವವರೆಗೆ ಓಡಿಸಬೇಕು. ಪುಕ್ಕಟೆ ಕೆಲಸ. ಅರ್ಧ ರಿಪೇರಿ ಇದರಿಂದಲೇ ನಿಂತಿತು.

ಉಳಿದರ್ಧ ರಬ್ಬರ್. ಸೀಸನ್ ಮುಗಿದು ಗೋಡೆಗೆ ನೇತು ಹಾಕಿದ ಸ್ಪ್ರೇಯರ್ ಮತ್ತೆ ತೆಗೆದಾಗ ಕಾರ್ಬೋರೇಟರಿನ ಡಯಾಫ್ರಾಮ್ (ತೆಳು ರಬ್ಬರ್ ಪೊರೆ) ಒಣಗಿದ ಎಲೆಯ ಹಾಗೆ ಸೆಟೆದಿರುತ್ತದೆ. ಕಿಟ್ಟಿಗೆ 150ರ ಆಸುಪಾಸು. ಗಿರಾಕಿ 50 ಕೊಡಲಿಕ್ಕೂ ಗೊಣಗುತ್ತಾನೆ. ಅಂಗಡಿಯವನೊಬ್ಬ "ಇದು ಎಥನಾಲ್ ಪ್ರೂಫ್ ಅಣ್ಣಾ" ಅಂತ ಕರಿ ಪೈಪಿನ ಒಂದು ಸುರುಳಿ ಕೊಟ್ಟ. ಸಾವಿರದ ಮೇಲೆ ಆಯಿತು. ಮೂರು ವಾರಕ್ಕೆ ಉಬ್ಬಿ, ಪೈಪ್ ಸಿಕ್ಕಿಸುವ ನಿಪ್ಪಲಿನಿಂದ ಜಾರಿತು. ಅಂದಿನಿಂದ ಯಾರ ಮಾತೂ ಕೇಳುವುದಿಲ್ಲ. ಉಪ್ಪಿನಕಾಯಿ ಭರಣಿಗಳಲ್ಲಿ ಬಂಕಿನ ಪೆಟ್ರೋಲ್ ಹಾಕಿ, ಒಂದೊಂದರಲ್ಲಿ ಒಂದೊಂದು ಜಾತಿಯ ರಬ್ಬರ್ ತುಂಡು ಬಿಟ್ಟೆ. ತಿಂಗಳಾದ ಮೇಲೆ ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡಿದೆ. ಸಾದಾ ಓ-ರಿಂಗು (ರಬ್ಬರ್ ಬಳೆ) ಕೈಯಲ್ಲಿ ಹಿಡಿದರೇ ಗೊತ್ತಾಗುವಷ್ಟು ದಪ್ಪ. ನೈಟ್ರೈಲ್ ರಬ್ಬರ್‌ನಲ್ಲಿ ಒಂದೊಂದು ಕಂಪನಿಯದ್ದು ಒಂದೊಂದು ಥರ, ಕೆಲವು ತಡೆಯುತ್ತವೆ. ವೈಟಾನ್ ಅನ್ನುವ ರಬ್ಬರ್ ಮಾತ್ರ ಹಾಗೇ ಇತ್ತು. ಬೆಲೆ ಮೂರು ನಾಲ್ಕು ಪಟ್ಟು. ಕಾರ್ಬೋರೇಟರಿಗೆ ಪೆಟ್ರೋಲ್ ಬಿಟ್ಟು ನಿಲ್ಲಿಸುವ ನೀಡಲಿನ ತುದಿ, ಅದರ ಬೌಲಿನ (ಬಟ್ಟಲಿನ) ಓ-ರಿಂಗ್, ಟ್ಯಾಂಕಿನ ಟ್ಯಾಪ್ ವಾಷರ್, ಈ ಮೂರಕ್ಕೆ ವೈಟಾನ್ ಹಾಕಿದರೆ ಸಾಕು. ಎಲ್ಲಿಂದ ತರಿಸುತ್ತೇನೆ ಅಂತ ಮಾತ್ರ ಕೇಳಬೇಡಿ. ನಾಳೆ ನೀವೇ ನನ್ನ ಎದುರು ಅಂಗಡಿ ಹಾಕಿದರೆ?

ಟ್ಯಾಂಕ್ ಕೋಟಿಂಗ್ ಅಂತ ಇನ್ನೊಂದು ಹುಚ್ಚು ಹಿಡಿದಿತ್ತು. ತಳದಲ್ಲಿ ನೀರು ಕೂತು ತುಕ್ಕು ಹಿಡಿಯುತ್ತದಲ್ವಾ, ಒಳಗೆ ಎಪಾಕ್ಸಿ ಲೇಪ ಬಳಿದುಬಿಡೋಣ ಅಂತ ಒಂದು ಆರ್‌ಎಕ್ಸ್ ಟ್ಯಾಂಕಿಗೆ 700ರಷ್ಟು ಖರ್ಚು ಮಾಡಿದೆ. ಬಳಿದಾಗ ಕನ್ನಡಿ ಕಂಡಂತೆ ಕಾಣುತ್ತಿತ್ತು. ಬೇಸಿಗೆಯಲ್ಲಿ ಅದು ಮೆತ್ತಗಾಗಿ, ಹೊಪ್ಪಳೆ ಹೊಪ್ಪಳೆಯಾಗಿ ಎದ್ದು ಟ್ಯಾಪಿಗೆ ಕಟ್ಟಿಕೊಂಡಿತು. ಕೆರೆದು ತೆಗೆಯಲು ಬಳಿದದ್ದಕ್ಕಿಂತ ಜಾಸ್ತಿ ಕೂಲಿ. ಈಗ ತುಕ್ಕು ತೆಗೆದು, ಟ್ಯಾಂಕು ಆದಷ್ಟು ತುಂಬಿ ಇಡಲು ಹೇಳುತ್ತೇನೆ. ಗಾಳಿಗೆ ಜಾಗ ಇಲ್ಲದಿದ್ದರೆ ನೀರಿಗೂ ಇಲ್ಲ. ನಿತ್ಯ ಓಡುವ ಗಾಡಿಗೆ ಇದೇನೂ ಬೇಕಾಗಿಲ್ಲ.

ಇನ್ನು ಜೆಟ್, ಅಂದರೆ ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಹರಿಯುವ ಸಣ್ಣ ತೂತಿನ ಭಾಗ. ತೂಕದಲ್ಲಿ ಒಂದು ಭಾಗ ಸಾದಾ ಪೆಟ್ರೋಲು ಉರಿಯಲು 14.7 ಭಾಗ ಗಾಳಿ ಬೇಕು, ಎಥನಾಲಿಗೆ 9 ಸಾಕು. ಇ20ಗೆ ಸುಮಾರು 13.5. ಕಾರ್ಬೋರೇಟರ್ ಇಲ್ಲದ ಇಂಜೆಕ್ಷನ್ ಗಾಡಿ ಸೆನ್ಸರ್ ನೋಡಿ ತಾನೇ ಸರಿ ಮಾಡಿಕೊಳ್ಳುತ್ತದೆ. ಕಾರ್ಬೋರೇಟರಿಗೆ ಆ ಬುದ್ಧಿ ಇಲ್ಲ, ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಆಗುತ್ತದೆ. ಪ್ಲಗ್ ಬೆಳ್ಳಗೆ, ಬೆಳಿಗ್ಗೆ ಚೋಕ್ ಇಲ್ಲದೆ ಏಳುವುದಿಲ್ಲ, ಮೇ ತಿಂಗಳ ಬಿಸಿಲಲ್ಲಿ ಸಿಂಧನೂರಿಗೆ ಹೋಗಿ ಬಂದರೆ ಇಂಜಿನ್ ಕಾದ ಹೆಂಚು. ಮೆಕಾನಿಕ್ಕುಗಳು ಪ್ಲಗ್ಗು ಬದಲಿಸಿ ಕಳಿಸುತ್ತಿದ್ದರು. ಮೇನ್ ಜೆಟ್ ನಂಬರ್ ತೂತಿನ ಅಗಲದ ಅಳತೆಯಾಗಿದ್ದರೆ ನೂರಕ್ಕೆ ಮೂರು ನಾಲ್ಕರಷ್ಟು ಏರಿಸಿದರೆ ಸಾಕು. ತೂತಿನ ಅಗಲ ಅಷ್ಟು ಹೆಚ್ಚಿದರೆ ಹರಿಯುವ ಪೆಟ್ರೋಲು ಅದರ ಎರಡರಷ್ಟು ಹೆಚ್ಚುತ್ತದೆ. ನಾನು ಮೊದಲು ಎಂಟರಷ್ಟು ಏರಿಸಿ ನೋಡಿದ್ದೆ. ಹೊಗೆ, ಕರಿ ಪ್ಲಗ್, ಗಿರಾಕಿಯ ಬೈಗುಳ. ಆರ್‌ಎಕ್ಸ್‌ನಲ್ಲಿ ಜೆಟ್ಟಿನೊಳಗೆ ಇಳಿಯುವ ನೀಡಲಿನ ಕ್ಲಿಪ್ ಒಂದು ಗೀರು ಕೆಳಗೆ ಹಾಕಿ, ನೀಡಲ್ ಮೇಲೆದ್ದು ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಒಂದೇ ಗೀರು ಇರುವ ನೀಡಲಿಗೆ ಕ್ಲಿಪ್ ಕೆಳಗೆ ತೆಳು ವಾಷರ್. ಗಾಳಿ ಹೊಂದಿಸುವ ಏರ್ ಸ್ಕ್ರೂ ಎಷ್ಟು ತಿರುವು, ಇಂಜಿನ್ ಎಷ್ಟು ಕಾದಿರುವಾಗ ತಿರುವಬೇಕು ಅನ್ನುವುದು ನನ್ನ ಹೊಟ್ಟೆಪಾಡು. ಅದನ್ನು ಬರೆಯುವುದಿಲ್ಲ.

ಮೈಲೇಜ್ ಕೇಳುತ್ತೀರಿ, ಗೊತ್ತು. ಬರುವುದಿಲ್ಲ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಮ್ಮಿ. 60 ಕೊಡುತ್ತಿದ್ದ ಸ್ಪ್ಲೆಂಡರ್ 55, 56 ಕೊಡುತ್ತದೆ. ಜೆಟ್ ಏರಿಸಿದ್ದರಿಂದ ಅದು ವಾಪಸ್ ಬರುವುದಿಲ್ಲ. ಇಂಜಿನ್ ಉಳಿಯುತ್ತದೆ, ಅಷ್ಟೇ.

"ಎಥನಾಲನ್ನೇ ತೆಗೆದುಬಿಟ್ಟರೆ?" ಅಂತ ನಮ್ಮ ಹುಡುಗನೊಬ್ಬ ಕೇಳಿದ. ಅದನ್ನೂ ಮಾಡಿ ನೋಡಿದ್ದೇವೆ. ಅಳತೆ ಕೊಳವೆಯಲ್ಲಿ 100 ಎಂ.ಎಲ್. ಪೆಟ್ರೋಲಿಗೆ 10 ಎಂ.ಎಲ್. ನೀರು ಹಾಕಿ ಕುಲುಕಿದರೆ ಕೆಳಗಿನ ಪದರ ಹೆಚ್ಚೂಕಮ್ಮಿ 30ರ ಹತ್ತಿರ ನಿಲ್ಲುತ್ತದೆ. ದುಬಾರಿ ಪೆಟ್ರೋಲ್ ತಂದು ನೋಡಿದಾಗಲೂ ಅಷ್ಟೇ ಬಂತು. ಹಾಗೆ ತೊಳೆದ ಪೆಟ್ರೋಲನ್ನು ಆರ್‌ಎಕ್ಸ್‌ಗೆ ಹಾಕಿದೆವು. ಏರಿನಲ್ಲಿ ಟಿಕ್ ಟಿಕ್ ಅಂತ ನಾಕಿಂಗ್ ಶುರು. ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಏರಿಸುತ್ತಿದ್ದದ್ದೇ ಎಥನಾಲ್. ತೆಗೆದ ಮೇಲೆ ಉಳಿದದ್ದು ಸಪ್ಪೆ ಪೆಟ್ರೋಲು. ಲೀಟರಿಗೆ ಐದನೇ ಒಂದು ಪಾಲು ಲಾಸ್ ಬೇರೆ. ತೊಳೆದ ನೀರಿಗೂ ಬೆಂಕಿ ಹತ್ತುತ್ತದೆ, ಚರಂಡಿಗೆ ಸುರಿಯುವ ಹಾಗಿಲ್ಲ. ನೀವು ಇದಕ್ಕೆ ಕೈ ಹಾಕಬೇಡಿ.

ಸದ್ಯ ಸ್ಪ್ರೇಯರಿಗೆ ಎಲ್ಲ ಸೇರಿ 450, ಬೈಕಿಗೆ ಜೆಟ್, ರಬ್ಬರ್, ಕೂಲಿ ಸೇರಿ 600ರಿಂದ 800 ತಗೊಳ್ಳುತ್ತೇನೆ. ಸೀಜ್ ಆದ ಸ್ಪ್ರೇಯರಿಗೆ ಸಿಲಿಂಡರ್ ಕಿಟ್ಟೇ 900 ದಾಟುತ್ತದೆ ಅಂತ ಹೇಳಿದರೆ ಚೌಕಾಶಿ ಅಲ್ಲಿಗೇ ನಿಲ್ಲುತ್ತದೆ. ಪೈಪ್ ತಾವೇ ತಂದವರಿಗೆ ಹಾಕಿ ಕೊಡುತ್ತೇನೆ, ಗ್ಯಾರಂಟಿ ಮಾತ್ರ ಕೊಡುವುದಿಲ್ಲ.