ಮನೆಯಲ್ಲಿ ರಿವಾಲ್ವರ್, ಪಿಸ್ತೂಲು: ಬೀಗದ ಕೈ ಯಾರ ಬಳಿ ಇರಬೇಕು?

ಮೈಸೂರು, ಮಂಡ್ಯ ಸೀಮೆಯಲ್ಲಿ ಪರವಾನಗಿ ಇರುವ ಬಂದೂಕು ಎಂದ ಕೂಡಲೇ ಬಹಳ ಮಂದಿಗೆ ನೆನಪಾಗುವುದು ಬೆಳೆ ರಕ್ಷಣೆಗೆಂದು ತೋಟದ ಮನೆಯ ಗೋಡೆಗೆ ಒರಗಿಸಿಟ್ಟ ಒಂಟಿ ನಳಿಕೆಯ ಬಂದೂಕು. ಆತ್ಮರಕ್ಷಣೆಗೆಂದು ರಿವಾಲ್ವರ್ ಅಥವಾ ಪಿಸ್ತೂಲು ಇಟ್ಟುಕೊಂಡ ಉದ್ಯಮಿಗಳು, ಜಮೀನುದಾರರು, ನಿವೃತ್ತ ಸೇನಾಧಿಕಾರಿಗಳು ಕೂಡ ಈ ಭಾಗದಲ್ಲಿ ಇದ್ದಾರೆ. ಉದ್ದನೆಯ ಬಂದೂಕನ್ನು ಮಗುವೊಂದು ಎತ್ತುವುದು ಕಷ್ಟ, ಕಳ್ಳನೊಬ್ಬ ಯಾರಿಗೂ ಕಾಣದಂತೆ ಒಯ್ಯುವುದು ಇನ್ನೂ ಕಷ್ಟ. ಪಿಸ್ತೂಲಿನ ವಿಷಯದಲ್ಲಿ ಇವೆರಡೂ ಸುಲಭವಾಗಿರುವುದರಿಂದ, ಅದನ್ನು ಮನೆಯಲ್ಲಿ ಇಡುವ ಕ್ರಮವನ್ನು ಪರವಾನಗಿ ಕೈಗೆ ಬಂದ ಮೇಲೆ ಯೋಚಿಸಿದರಾಯಿತು ಎಂದು ಬಿಡುವಂತಿಲ್ಲ.

ಕಾನೂನು ಏನನ್ನು ಕೇಳುತ್ತದೆ?

ಈ ವಿಷಯದಲ್ಲಿ ಮೂಲ ಕಾನೂನು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ಅಡಿಯಲ್ಲಿ ಈಗ ಜಾರಿಯಲ್ಲಿರುವುದು 2016ರ ಶಸ್ತ್ರಾಸ್ತ್ರ ನಿಯಮಗಳು. 1962ರ ಹಳೆಯ ನಿಯಮಗಳ ಜಾಗಕ್ಕೆ ಇವು ಬಂದವು. 2019ರ ತಿದ್ದುಪಡಿಯು ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು, ಪರವಾನಗಿಯ ಅವಧಿಯನ್ನು ಮೂರು ವರ್ಷದಿಂದ ಐದು ವರ್ಷಕ್ಕೆ ಏರಿಸಿತು, ಶಿಕ್ಷೆಯ ಪ್ರಮಾಣವನ್ನೂ ಹೆಚ್ಚಿಸಿತು. ಮಂಡ್ಯ ಜಿಲ್ಲೆಯಲ್ಲಿ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಯವರದು. ಮೈಸೂರು ನಗರದ ನಿವಾಸಿಗಳು ನಗರ ಪೊಲೀಸ್ ಆಯುಕ್ತರ ಕಚೇರಿಗೂ, ಜಿಲ್ಲೆಯ ಉಳಿದ ತಾಲ್ಲೂಕುಗಳವರು ಜಿಲ್ಲಾಧಿಕಾರಿ ಕಚೇರಿಗೂ ಹೋಗಬೇಕು. ನೆರೆಯ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಳಿ ತಿಳಿದವರು ಅದು ಇಲ್ಲಿನ ಎಲ್ಲರಿಗೂ ಅನ್ವಯಿಸುತ್ತದೆಂದು ಭಾವಿಸಬಾರದು.

ತಿಜೋರಿ ಯಾವ ಕಂಪನಿಯದು, ಅದಕ್ಕೆಷ್ಟು ಬೆಲೆ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಈ ಕಾನೂನಿನ ಒಳಗಿದೆ. ಪರವಾನಗಿ ಒಂದು ಕುಟುಂಬಕ್ಕೆ ಸಿಗುವುದಿಲ್ಲ, ಒಬ್ಬ ವ್ಯಕ್ತಿಗೆ ಸಿಗುತ್ತದೆ. ಅದರಲ್ಲಿ ಹೆಸರಿಲ್ಲದ ಹೆಂಡತಿ, ಮಗ, ತಮ್ಮ, ಡ್ರೈವರ್ ಯಾರೇ ಆಗಲಿ, ಆ ಆಯುಧವನ್ನು ತಮ್ಮ ಸ್ವಾಧೀನದಲ್ಲಿ ಇಟ್ಟುಕೊಂಡರೆ ಪರವಾನಗಿ ಇಲ್ಲದೆ ಬಂದೂಕು ಹೊಂದಿದಂತೆಯೇ ಆಗುತ್ತದೆ. ಅದಕ್ಕೆ 25ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸಜೆ ಮತ್ತು ದಂಡವಿದೆ. ಸ್ವಾಧೀನವೆಂದರೆ ಕೈಯಲ್ಲಿ ಹಿಡಿದಿರುವುದು ಮಾತ್ರವಲ್ಲ, ಅರಿವಿದ್ದು ಅದರ ಮೇಲೆ ಹಿಡಿತ ಹೊಂದಿರುವುದೂ ಸ್ವಾಧೀನವೇ ಎಂದು ಸುಪ್ರೀಂ ಕೋರ್ಟ್ 1972ರಲ್ಲಿ ಗುಣವಂತಲಾಲ್ ಪ್ರಕರಣದಲ್ಲಿ ಹೇಳಿದೆ. ಹೀಗಾಗಿ ಮನೆಯಲ್ಲಿ ಆಯುಧವನ್ನು ಸುರಕ್ಷಿತವಾಗಿ ಇಡುವುದೆಂದರೆ, ಪರವಾನಗಿದಾರರ ಹೊರತು ಬೇರೆ ಯಾರೂ ಅದನ್ನು ತಲುಪಲಾಗದಂತೆ ಇಡುವುದು. ಅರ್ಜಿಯ ಹಂತದಲ್ಲಿಯೇ ಸುರಕ್ಷಿತ ಬಳಕೆ ಮತ್ತು ಸಂಗ್ರಹದ ಬಗ್ಗೆ ಬರೆದುಕೊಡಬೇಕಾದ್ದು ಇದೇ ಕಾರಣಕ್ಕೆ. ಪರವಾನಗಿಯ ಷರತ್ತು ಮುರಿದರೆ 30ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಸಜೆ ಅಥವಾ 2,000 ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ದಂಡದ ಮೊತ್ತ ಇಂದಿನ ಕಾಲಕ್ಕೆ ಏನೇನೂ ಅಲ್ಲ ಎನಿಸೀತು, ಆದರೆ 17ನೇ ಸೆಕ್ಷನ್ ಅಡಿಯಲ್ಲಿ ಪರವಾನಗಿಯೇ ಅಮಾನತಾಗಬಹುದು ಅಥವಾ ರದ್ದಾಗಬಹುದು.

ಮೊದಲು ಕಾಗದ, ಆಮೇಲೆ ಜಾಗ

ಮೊದಲ ಹೆಜ್ಜೆಯಾಗಿ ಪರವಾನಗಿಯನ್ನು ಬಿಡಿಸಿ ಓದಬೇಕು. ಅದರಲ್ಲಿ ನಮೂದಾದ ವಿಳಾಸ, ಆಯುಧದ ನಂಬರು, ಬೋರ್ (ನಳಿಕೆಯ ಒಳ ಅಳತೆ), ಇಟ್ಟುಕೊಳ್ಳಬಹುದಾದ ಗುಂಡುಗಳ ಸಂಖ್ಯೆ, ರಾಷ್ಟ್ರೀಯ ದತ್ತಾಂಶದಲ್ಲಿ ನೋಂದಣಿಯಾದ ವಿಶಿಷ್ಟ ಗುರುತಿನ ಸಂಖ್ಯೆ ಇವೆಲ್ಲವೂ ಕೈಯಲ್ಲಿರುವ ಆಯುಧಕ್ಕೆ ಮತ್ತು ಈಗಿನ ವಾಸಸ್ಥಳಕ್ಕೆ ಹೊಂದಿಕೆಯಾಗುತ್ತವೆಯೇ ಎಂದು ನೋಡಬೇಕು. ಪರವಾನಗಿ ಪಾಂಡವಪುರದ ಹಳ್ಳಿಯ ವಿಳಾಸದಲ್ಲಿದ್ದು, ಮಕ್ಕಳ ಓದಿಗೆಂದು ಸಂಸಾರ ಮೈಸೂರಿನ ಕುವೆಂಪುನಗರಕ್ಕೆ ಬಂದು ನೆಲೆಸಿ, ಪಿಸ್ತೂಲೂ ಸದ್ದಿಲ್ಲದೆ ಸೂಟ್‌ಕೇಸಿನಲ್ಲಿ ಬಂದುಬಿಟ್ಟಿದೆ ಎಂದುಕೊಳ್ಳಿ. ಆಗ ಜಿಲ್ಲೆಯೂ ಬದಲು, ಪರವಾನಗಿ ಪ್ರಾಧಿಕಾರವೂ ಬದಲು. ವಿಳಾಸ ಬದಲಾವಣೆಯನ್ನು ತಡಮಾಡದೆ ಲಿಖಿತವಾಗಿ ತಿಳಿಸಿ, ಪರವಾನಗಿಯಲ್ಲಿ ನಮೂದು ಮಾಡಿಸಿಕೊಳ್ಳದಿದ್ದರೆ ಎಂಥ ಗಟ್ಟಿ ತಿಜೋರಿಯಲ್ಲಿಟ್ಟರೂ ಲೆಕ್ಕಕ್ಕೆ ಬಾರದು. ನವೀಕರಣದ ಅರ್ಜಿಯನ್ನು ಕೂಡ ಅವಧಿ ಮುಗಿಯುವ ಸಾಕಷ್ಟು ಮುಂಚೆಯೇ ಹಾಕುವುದು ಒಳ್ಳೆಯದು. ಪರವಾನಗಿಯ ಜೆರಾಕ್ಸ್ ಪ್ರತಿಯೊಂದನ್ನು ಆಯುಧ ಇರುವ ಪೆಟ್ಟಿಗೆಯ ಹೊರಗೆ, ಬೇರೆ ಕಡೆ ಇಡಬೇಕು. ಪೆಟ್ಟಿಗೆಯೇ ಕಳುವಾದ ದಿನ ಠಾಣೆಯಲ್ಲಿ ಮೊದಲು ಕೇಳುವುದು ಆಯುಧದ ನಂಬರನ್ನು.

ಎರಡನೆಯದು ಜಾಗದ ಆಯ್ಕೆ. ನಮ್ಮ ಮನೆಗಳಲ್ಲಿ ಬೆಲೆಬಾಳುವುದೆಲ್ಲ ಸೇರುವುದು ಮಲಗುವ ಕೋಣೆಯ ಉಕ್ಕಿನ ಬೀರುವಿಗೆ. ಅದರ ಬೀಗದ ಕೈ ಇರುವುದು ಬೀರುವಿನ ತಲೆಯ ಮೇಲೋ, ದೇವರ ಮನೆಯ ಮೊಳೆಯ ಮೇಲೋ, ಮಡಿಸಿಟ್ಟ ರೇಷ್ಮೆ ಸೀರೆಯ ಅಡಿಯಲ್ಲೋ ಎಂಬುದು ಮನೆಯ ಮಕ್ಕಳಿಂದ ಹಿಡಿದು ಕೆಲಸದವರವರೆಗೆ ಎಲ್ಲರಿಗೂ ಗೊತ್ತು. ಒಡವೆಗೆ ಈ ಏರ್ಪಾಡು ಸಾಕಾದೀತು, ಪಿಸ್ತೂಲಿಗೆ ಸಾಲದು. ಬೀರುವನ್ನೇ ಬಳಸುವುದಾದರೆ ಅದರೊಳಗೆ ಬೇರೆ ಬೀಗವಿರುವ ಉಕ್ಕಿನ ಪೆಟ್ಟಿಗೆಯೊಂದನ್ನು ಬೋಲ್ಟ್ ಹಾಕಿ ಕೂರಿಸಿ, ಆ ಬೀಗದ ಕೈ ಪರವಾನಗಿದಾರರೊಬ್ಬರ ಬಳಿಯೇ ಇರುವಂತೆ ನೋಡಿಕೊಳ್ಳಬೇಕು.

ಪ್ರತ್ಯೇಕ ತಿಜೋರಿ ಕೊಳ್ಳುವವರು ಗಮನಿಸಬೇಕಾದ್ದು ತೂಕವನ್ನಲ್ಲ, ಅದನ್ನು ಬಿಗಿದ ರೀತಿಯನ್ನು. ಸಣ್ಣ ಡಿಜಿಟಲ್ ತಿಜೋರಿಯನ್ನು ಬಗಲಲ್ಲಿ ಇಟ್ಟುಕೊಂಡು ಹೊರಟುಬಿಡಬಹುದು. ಅಗ್ರಹಾರದಂಥ ಹಳೆಯ ಬಡಾವಣೆಗಳಲ್ಲಿ ಇನ್ನೂ ಉಳಿದಿರುವ ಮಣ್ಣಿನ ಗೋಡೆಯ ಮನೆಗಳಲ್ಲಿ ಆ್ಯಂಕರ್ ಬೋಲ್ಟ್ ಹಿಡಿತಕ್ಕೆ ಸಿಗುವುದಿಲ್ಲ, ಎರಡು ಸಲ ಜಗ್ಗಿದರೆ ಗಾರೆಯ ಸಮೇತ ಕಿತ್ತು ಬರುತ್ತದೆ. ಅಂಥ ಮನೆಗಳಲ್ಲಿ ನೆಲದ ಕಾಂಕ್ರೀಟಿಗೇ ಬಿಗಿಸುವುದು ಸರಿ. ಡಿಜಿಟಲ್ ಬೀಗವಾದರೆ ಕಂಪನಿಯಿಂದ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಬೇಕು, ಮಕ್ಕಳ ಹುಟ್ಟಿದ ದಿನಾಂಕವನ್ನು ಹಾಕಬಾರದು, ಬ್ಯಾಟರಿ ಮುಗಿದಾಗ ತೆರೆಯಲೆಂದು ಕೊಡುವ ಹೆಚ್ಚುವರಿ ಕೀಲಿಯನ್ನು ತಿಜೋರಿಯ ಮೇಲೆಯೇ ಮರೆತು ಬಿಡಬಾರದು.

ಖಾಲಿ ಮಾಡುವ ಕ್ರಮ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಎರಡು ಸಲ ಓದುವುದಾದರೆ ಇದನ್ನೇ ಓದಬೇಕು. ಒಳಗಿಡುವ ಆಯುಧದಲ್ಲಿ ಗುಂಡು ಇರಬಾರದು. ಬಾಗಿಲ ಬಳಿ ಸದ್ದಾದರೆ ಏನು ಮಾಡುವುದು ಎಂದು ವಾದಿಸಿ ತುಂಬಿದ ರಿವಾಲ್ವರನ್ನು ದಿಂಬಿನಡಿ ಇಟ್ಟುಕೊಳ್ಳುವವರು, ನಿದ್ದೆಗಣ್ಣಿನಲ್ಲಿ ಅದು ಮೊದಲು ಯಾರ ಕಡೆ ತಿರುಗೀತು ಎಂಬುದನ್ನೂ ಯೋಚಿಸಬೇಕು.

ಖಾಲಿ ಮಾಡುವಾಗ ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ನಳಿಕೆಯ ತುದಿ ಮರಳು ತುಂಬಿದ ಬಕೆಟ್ಟಿನ ಕಡೆಗಿರಬೇಕು, ಬೆರಳು ಟ್ರಿಗರ್‌ನಿಂದ ದೂರ, ಚೌಕಟ್ಟಿನ ಪಕ್ಕಕ್ಕೆ ಚಾಚಿರಬೇಕು. ರಿವಾಲ್ವರ್ ಆದರೆ ಗುಂಡು ತುಂಬುವ ಉರುಳೆಯನ್ನು ತೆರೆದು, ಗುಂಡುಗಳನ್ನು ಹೊರಗೆ ತಳ್ಳಿ, ಪ್ರತಿ ಕುಳಿಯೂ ಬರಿದಾಗಿದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ಖಚಿತಪಡಿಸಿಕೊಳ್ಳಬೇಕು. ಪಿಸ್ತೂಲಿನಲ್ಲಿ ಕ್ರಮ ತಪ್ಪುವಂತಿಲ್ಲ: ಮೊದಲು ಮ್ಯಾಗಜೀನ್ (ಹಿಡಿಯೊಳಗೆ ಕೂರುವ ಗುಂಡುಗಳ ಕೋಶ) ಹೊರತೆಗೆಯಬೇಕು, ಆಮೇಲೆ ಸ್ಲೈಡನ್ನು (ಪಿಸ್ತೂಲಿನ ಮೇಲ್ಭಾಗದ ಜಾರುವ ಭಾಗ) ಹಿಂದಕ್ಕೆ ಎಳೆದು ನಳಿಕೆಯ ಹಿಂಬದಿಯ ಕುಳಿಯಲ್ಲಿ ಕುಳಿತ ಗುಂಡನ್ನು ಹೊರಗೆ ಬೀಳಿಸಬೇಕು. ಇದನ್ನು ಹಿಂದುಮುಂದು ಮಾಡಿದರೆ, ಎಳೆದಾಗ ಒಂದು ಗುಂಡು ಹೊರಬಿದ್ದು, ಬಿಟ್ಟಾಗ ಮ್ಯಾಗಜೀನಿನಿಂದ ಇನ್ನೊಂದು ಗುಂಡು ಅದೇ ಜಾಗಕ್ಕೆ ಬಂದು ಕೂರುತ್ತದೆ. ಬಳಿಕ ಮ್ಯಾಗಜೀನ್ ತೆಗೆದವರು ಪಿಸ್ತೂಲು ಖಾಲಿಯಾಯಿತೆಂದೇ ನಂಬುತ್ತಾರೆ. ಖಾಲಿ ಎಂದುಕೊಂಡ ಆಯುಧದಿಂದ ಗುಂಡು ಹಾರುವ ಅವಘಡಗಳ ಹಿಂದೆ ಇರುವ ಒಂದು ಮುಖ್ಯ ಕಾರಣ ಇದು. ಖಾಲಿಯಾದ ಮೇಲೆ ಕೇಬಲ್ ಬೀಗವನ್ನು ಮ್ಯಾಗಜೀನ್ ಕೂರುವ ಜಾಗದ ಮೂಲಕ ತೂರಿಸಿ ಹಾಕಿದರೆ ಮತ್ತೆ ಗುಂಡು ತುಂಬಲಾಗದು. ಟ್ರಿಗರ್‌ಗೆ ಹಾಕುವ ಬೀಗವನ್ನು ಗುಂಡು ತುಂಬಿದ ಆಯುಧಕ್ಕೆ ಎಂದಿಗೂ ತೊಡಿಸಬಾರದು.

ಗುಂಡುಗಳನ್ನು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಬೀಗದಲ್ಲಿ ಇಡಬೇಕು. ಎಣಿಸಿ, ಸಣ್ಣ ಪುಸ್ತಕದಲ್ಲಿ ಬರೆದಿಟ್ಟರೆ ಪರಿಶೀಲನೆಗೆ ಬಂದಾಗ ಉತ್ತರ ಕೊಡುವುದು ಸುಲಭ. ಪರವಾನಗಿಯ ಅವಧಿಯಲ್ಲಿ ಯಾವಾಗ ಬೇಕಾದರೂ ಆಯುಧವನ್ನು ತಂದು ತೋರಿಸಲು ಪ್ರಾಧಿಕಾರ ಕೇಳಬಹುದು. ಚರ್ಮದ ಹೋಲ್‌ಸ್ಟರ್‌ನಲ್ಲಿಯೇ ತಿಂಗಳುಗಟ್ಟಲೆ ಇಡುವ ಅಭ್ಯಾಸವೂ ಕೆಟ್ಟದ್ದು. ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಉಕ್ಕಿಗೆ ತುಕ್ಕು ತರುತ್ತದೆ. ತೆಳುವಾಗಿ ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಜೊತೆಗಿಟ್ಟರೆ ಸಾಕು.

ಆಯುಧ ಪೂಜೆಯ ದಿನ

ಮೈಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ತಿಜೋರಿಯಲ್ಲಿದ್ದ ಪಿಸ್ತೂಲು ಮಹಾನವಮಿಯ ದಿನ ಕಾರು, ಸ್ಕೂಟರು, ಕುಡುಗೋಲಿನ ಜೊತೆ ನಡುಮನೆಯಲ್ಲಿ ಪೂಜೆಗೆ ಕೂರುತ್ತದೆ, ಅದೇ ಹೊತ್ತಿಗೆ ಗೊಂಬೆ ನೋಡಲೆಂದು ಬೀದಿಯ ಮಕ್ಕಳೆಲ್ಲ ಮನೆಯೊಳಗೆ ಓಡಾಡುತ್ತಿರುತ್ತಾರೆ. ಪೂಜೆಗೆ ಅಡ್ಡಿಯೇನಿಲ್ಲ, ಆದರೆ ಮೇಲೆ ಹೇಳಿದ ಕ್ರಮದಲ್ಲಿ ಖಾಲಿ ಮಾಡಿದ ಮೇಲೆಯೇ ಆಯುಧವನ್ನು ಹೊರತರಬೇಕು, ಗುಂಡಿನ ಪೆಟ್ಟಿಗೆಯ ಬೀಗ ತೆರೆಯಬಾರದು, ಮಂಗಳಾರತಿ ಮುಗಿದೊಡನೆ ಪರವಾನಗಿದಾರರೇ ಅದನ್ನು ಒಳಗಿಡಬೇಕು. ಅರಿಶಿನ ಕುಂಕುಮವನ್ನು ಆಯುಧಕ್ಕೆ ಹಚ್ಚುವ ಬದಲು ಅದರ ಪೆಟ್ಟಿಗೆಗೆ ಹಚ್ಚಿದರೆ ದೇವರೇನೂ ಮುನಿಯಲಾರ. ಒದ್ದೆ ಅರಿಶಿನ ಸಂದುಗಳಿಗೆ ಇಳಿದರೆ ಮಾತ್ರ ಸ್ಲೈಡ್ ಖಂಡಿತ ಮುನಿಯುತ್ತದೆ. ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುವುದೆಂದರೆ ಆಯುಧ ಯಾವ ಮನೆಯಲ್ಲಿದೆ ಎಂದು ಊರಿಗೆಲ್ಲ ಸಾರಿದಂತೆ. ಇನ್ನು ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಜನರ ಪ್ರಾಣಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು.

ಮಗುವಿನ ಕೈಗೆ ಆಯುಧ ಸಿಕ್ಕಿ ಅನಾಹುತವಾದರೆ ಶಸ್ತ್ರಾಸ್ತ್ರ ಕಾಯ್ದೆಯ ಜೊತೆಗೆ ಭಾರತೀಯ ನ್ಯಾಯ ಸಂಹಿತೆಯೂ ಮುಂದೆ ಬರುತ್ತದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಸಜೆಯಾಗಬಹುದು. ಅಂಥ ಸಂದರ್ಭದಲ್ಲಿ ಬೀಗದ ಕೈ ಎಲ್ಲಿತ್ತು ಎಂಬುದು ತನಿಖೆಯ ಮೊದಲ ಪ್ರಶ್ನೆಗಳಲ್ಲಿ ಒಂದಾಗುವುದು ಸಹಜ.

ಮನೆಗೆ ಬೀಗ ಹಾಕಿ ಹೊರಟಾಗ

ಕಾಶಿ ಯಾತ್ರೆಗೋ, ವಿದೇಶದಲ್ಲಿರುವ ಮಗಳ ಬಾಣಂತನಕ್ಕೋ ತಿಂಗಳುಗಟ್ಟಲೆ ಹೋಗುವವರು ಪಿಸ್ತೂಲನ್ನು ಅಣ್ಣನ ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ. ಪರವಾನಗಿ ಇಲ್ಲದವರಿಗೆ ಆಯುಧವನ್ನು ಒಪ್ಪಿಸುವುದು ಕೊಟ್ಟವರಿಗೂ ಪಡೆದವರಿಗೂ ತೊಡಕು ತರುತ್ತದೆ. ರಿಪೇರಿಗೆ, ನವೀಕರಣಕ್ಕೆ ಅಥವಾ ಪರವಾನಗಿದಾರರ ಬಳಕೆಗೆಂದು ಒಯ್ಯಲು ಮಾತ್ರ, ಪರವಾನಗಿದಾರರ ಸಮ್ಮುಖದಲ್ಲಿ ಅಥವಾ ಅವರ ಲಿಖಿತ ಅಧಿಕಾರದೊಂದಿಗೆ, ಬೇರೊಬ್ಬರಿಗೆ 3ನೇ ಸೆಕ್ಷನ್ ಅವಕಾಶ ಕೊಡುತ್ತದೆ. ದೂರ ಹೋಗುವವರಿಗೆ ಸರಿಯಾದ ದಾರಿ ಪೊಲೀಸ್ ಠಾಣೆಯಲ್ಲಿ ಅಥವಾ ಆಯುಧಗಳನ್ನು ಇರಿಸಿಕೊಳ್ಳಲು ಪರವಾನಗಿ ಪಡೆದ ಡೀಲರ್ ಬಳಿ ಠೇವಣಿ ಇಡುವುದು. ಚುನಾವಣೆಯ ವೇಳೆ ಆದೇಶ ಬಂದಾಗ ಠೇವಣಿ ಇಡುವುದೂ ಹೀಗೆಯೇ. ಆಯುಧ ಕಳುವಾದರೆ ಅಥವಾ ಕಳೆದುಹೋದರೆ, ಮನೆಯೆಲ್ಲ ಹುಡುಕಿ ನಾಳೆ ನೋಡೋಣ ಎನ್ನದೆ, ತಕ್ಷಣ ಹತ್ತಿರದ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು.

ಪರವಾನಗಿದಾರರು ತೀರಿಕೊಂಡಾಗ ಮನೆಯವರಿಗೆ ಹೊಳೆಯದೆ ಹೋಗುವ ಸಂಗತಿಯೊಂದಿದೆ. ಆ ಗಳಿಗೆಯಿಂದ ಮನೆಯಲ್ಲಿರುವ ಆಯುಧಕ್ಕೆ ಪರವಾನಗಿ ಹೊಂದಿದವರು ಯಾರೂ ಇರುವುದಿಲ್ಲ. 21ನೇ ಸೆಕ್ಷನ್ ಪ್ರಕಾರ ಅನಗತ್ಯ ವಿಳಂಬವಿಲ್ಲದೆ ಅದನ್ನು ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಡೀಲರ್ ಬಳಿ ಠೇವಣಿ ಇಡಬೇಕು. ಹನ್ನೊಂದನೆಯ ದಿನ, ವೈಕುಂಠ ಸಮಾರಾಧನೆ ಎಲ್ಲ ಮುಗಿಯಲಿ ಎಂದು ಕಾಯಬಾರದು. ವಾರಸುದಾರರು ಆಮೇಲೆ ತಮ್ಮ ಹೆಸರಿಗೆ ಪರವಾನಗಿ ಕೇಳಬಹುದು, ಇಲ್ಲವೇ ನಿಯಮದಂತೆ ಮಾರಬಹುದು. ಬದುಕಿರುವಾಗಲೇ ಇದನ್ನು ಸರಿಪಡಿಸುವ ದಾರಿಯೂ 2016ರ ನಿಯಮಗಳಲ್ಲಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಆಯುಧ ಹೊಂದಿ 25 ವರ್ಷವಾದಾಗ, ಯಾವುದು ಮೊದಲೋ ಅಂದಿನಿಂದ, ತಾವು ಸೂಚಿಸಿದ ವಾರಸುದಾರರಿಗೆ ಪರವಾನಗಿ ಕೊಡುವಂತೆ ಕೋರಬಹುದು. ಆ ವಾರಸುದಾರರಿಗೆ 21 ವರ್ಷ ತುಂಬಿರಬೇಕು ಮತ್ತು ಕಾಯ್ದೆ ಕೇಳುವ ಉಳಿದ ಅರ್ಹತೆಗಳೂ ಇರಬೇಕು. ಅರ್ಜಿ ಇತ್ಯರ್ಥವಾಗಿ ಪರವಾನಗಿ ಅವರ ಹೆಸರಿಗೆ ಬರುವವರೆಗೆ ತಿಜೋರಿಯ ಬೀಗದ ಕೈಯನ್ನು ಅವರಿಗೆ ಕೊಡುವಂತಿಲ್ಲ.