ದೇವರು ಕೈಬಿಟ್ಟನೆಂದು ಅನಿಸಿದಾಗ 60ನೆಯ ಕೀರ್ತನೆಯನ್ನು ಪ್ರಾರ್ಥಿಸುವ ಬಗೆ

ದೇವರು ತನ್ನನ್ನು ತಳ್ಳಿಬಿಟ್ಟಿದ್ದಾನೆ ಎಂದು ಅನಿಸುವ ದಿನಗಳಲ್ಲಿ ಪ್ರಾರ್ಥನೆಗೆ ಕುಳಿತರೂ ಮಾತು ಹೊರಡುವುದಿಲ್ಲ. ಸಭೆಯಲ್ಲಿ ಎಲ್ಲರೊಡನೆ ಹಾಡುವ ಸ್ತುತಿಗೀತೆಗಳೂ ನಾಲಿಗೆಗೆ ಒಗ್ಗುವುದಿಲ್ಲ. ಅಂಥವರಿಗೆ ಸತ್ಯವೇದದ 60ನೆಯ ಕೀರ್ತನೆ ಆಸರೆಯಾಗಬಲ್ಲದು. ಇದರ ಶಿರೋನಾಮೆಯಲ್ಲಿ ದಾವೀದನ ಸೇನಾಪತಿ ಯೋವಾಬನು ಉಪ್ಪಿನ ಕಣಿವೆಯಲ್ಲಿ ನೆರೆನಾಡಿನ ಶತ್ರುಗಳಾದ ಎದೋಮ್ಯರಲ್ಲಿ 12,000 ಮಂದಿಯನ್ನು ಹೊಡೆದ ಗೆಲುವಿನ ಮಾತಿದ್ದರೂ, ಕೀರ್ತನೆ ತೊಡಗುವುದು ಸೋತವರ ದೂರಿನಿಂದಲೇ.

ಮೊದಲು ಇದರ 12 ವಚನಗಳನ್ನೂ ಗಟ್ಟಿಯಾಗಿ ಓದಿ. ತಳ್ಳಿಬಿಟ್ಟವನು, ನೆಲವನ್ನು ನಡುಗಿಸಿ ಸೀಳಿದವನು, ತಲೆ ತಿರುಗುವ ದ್ರಾಕ್ಷಾರಸವನ್ನು ಕುಡಿಸಿದವನು, ಎಲ್ಲವೂ ದೇವರೇ ಎಂದು ಕೀರ್ತನೆಗಾರನು ನೇರವಾಗಿ ದೇವರಿಗೇ ಹೇಳುತ್ತಾನೆ. ನೀವೂ "ಏನೋ ಹೀಗಾಯಿತು" ಎಂದು ತೇಲಿಸಿಬಿಡದೆ, "ಕರ್ತನೇ, ಮಗು ಜ್ವರದಲ್ಲಿ ನರಳುತ್ತಿದ್ದಾಗ ನೀನು ಸುಮ್ಮನಿದ್ದೆ" ಎಂಬಷ್ಟು ಬಿಡಿಸಿ ಹೇಳಿ. ದೂರೆಲ್ಲ ಮುಗಿದ ಮೇಲೆ ಬೇಡೋಣವೆಂದು ಕಾಯಬೇಕಾಗಿಲ್ಲ. ತಿರುಗಿ ಸ್ಥಾಪಿಸು ಎಂಬ ಬೇಡಿಕೆ ಮೊದಲ ವಚನದಲ್ಲೇ, ಬಿರುಕುಗಳನ್ನು ಸರಿಪಡಿಸು ಎಂಬುದು ಎರಡನೆಯದರಲ್ಲಿ ಬಂದಿದೆ.

ಈ ಹಂತದಲ್ಲಿ ಹಲವರು ತಮ್ಮ ಯಾವ ಪಾಪಕ್ಕೆ ಈ ಶಿಕ್ಷೆಯೆಂದು ಹುಡುಕತೊಡಗುತ್ತಾರೆ, ಹಿತೈಷಿಗಳು ಅದಕ್ಕೆ ತುಪ್ಪ ಸುರಿಯುತ್ತಾರೆ. ಮನಸ್ಸಾಕ್ಷಿ ಚುಚ್ಚುವ ಸಂಗತಿಯಿದ್ದರೆ ಅರಿಕೆ ಮಾಡಿಕೊಳ್ಳಿ, ಅದಕ್ಕೆ 51ನೆಯ ಕೀರ್ತನೆಯಿದೆ. ಆದರೆ 60ರಲ್ಲಿ ಪಾಪದ ಅರಿಕೆಯೇ ಇಲ್ಲ. 44ರಲ್ಲಂತೂ ನಾವು ನಿನ್ನನ್ನು ಮರೆಯಲಿಲ್ಲವೆಂದು ಜನರು ವಾದಿಸುತ್ತಾರೆ. ಇಲ್ಲದ ಅಪರಾಧವನ್ನು ಒಪ್ಪಿಕೊಳ್ಳುವುದು ಪ್ರಾರ್ಥನೆಯಾಗದು.

6ರಿಂದ 8ರವರೆಗಿನ ವಚನಗಳಲ್ಲಿ ದೇವರು ಮಾತನಾಡುತ್ತಾನೆ: ಶೆಕೆಮ್, ಸುಕ್ಕೋತ್, ಗಿಲ್ಯಾದ್ ಎಂದು ಇಸ್ರಾಯೇಲಿನ ಊರು, ನಾಡುಗಳನ್ನು ಹೆಸರು ಹಿಡಿದು ತನ್ನವೆನ್ನುತ್ತಾನೆ. ಆ ಹೆಸರುಗಳ ಜೊತೆಗೆ ನಿಮ್ಮ ಮನೆ, ಮುರಿದ ಸಂಬಂಧ, ನಿಂತುಹೋದ ಕೆಲಸ, ಇವುಗಳನ್ನೂ ಒಂದೊಂದಾಗಿ ಹೆಸರಿಸಿ ಬೇಡಿ. ಇಷ್ಟಾದ ಮೇಲೂ 10ನೆಯ ವಚನದಲ್ಲಿ, ನಮ್ಮನ್ನು ತಳ್ಳಿಬಿಟ್ಟವನು ನೀನೇ ಅಲ್ಲವೇ ಎಂಬ ಪ್ರಶ್ನೆ ಮತ್ತೆ ಏಳುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಕೀರ್ತನೆಯಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಮಾತಿಲ್ಲ. ವಾಗ್ದಾನವನ್ನು ಓದಿದ ಮರುಕ್ಷಣವೇ ಸಂಶಯ ಮರಳಿದರೆ ಪ್ರಾರ್ಥನೆ ಕೆಟ್ಟಿತೆಂದು ನಿಲ್ಲಿಸಬೇಡಿ; ಸಂಶಯವನ್ನೂ ಹೇಳಿ, 11ನೆಯ ವಚನದಂತೆ ಸಹಾಯವನ್ನು ಕೇಳಿ ಮುಂದುವರಿಯಿರಿ.

ಕೀರ್ತನೆಯುದ್ದಕ್ಕೂ ಹೆಚ್ಚಾಗಿ ಬರುವುದು "ನಮ್ಮನ್ನು" ಎಂಬ ಮಾತು, ಆದ್ದರಿಂದ ಒಬ್ಬರೇ ಪ್ರಾರ್ಥಿಸಲಾಗದಿದ್ದರೆ ಸಭಾಪಾಲಕರನ್ನೋ ನಂಬಿಕೆಯ ಗೆಳೆಯರನ್ನೋ ಜೊತೆಗೆ ಕೂರಿಸಿಕೊಂಡು ಅವರಿಂದ ಓದಿಸಿ. ನಿದ್ರೆ, ಊಟ ತಪ್ಪಿ ಬದುಕೇ ಬೇಡವೆನಿಸುತ್ತಿದ್ದರೆ ವೈದ್ಯರನ್ನೂ ಕಾಣಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತನಾಡಬಹುದು.

ಇದೇ ಕೀರ್ತನೆಯ 5ರಿಂದ 12ರವರೆಗಿನ ವಚನಗಳು 108ನೆಯ ಕೀರ್ತನೆಯ ಕೊನೆಗೂ ಬರುತ್ತವೆ, ಆದರೆ ಅಲ್ಲಿ ಅವುಗಳ ಮುಂದಿರುವುದು ಆರಂಭದ ದೂರಿನ ಬದಲು 57ನೆಯ ಕೀರ್ತನೆಯ ಸ್ತುತಿ. ಸ್ತುತಿ ತಾನಾಗಿ ಬಾಯಿಗೆ ಬಂದ ದಿನ 108ನ್ನು ತೆಗೆಯಿರಿ. ಅಲ್ಲಿಯವರೆಗೆ 60ನ್ನೇ ಓದುತ್ತಿರಿ.